ಒಂದೇ ಹೆಸರಿನ ಹಿರಿಯರು

ಕೃಷ್ಣೆಯ ದಕ್ಷಿಣಕ್ಕೆ ನೇಯ್ಗೆಯನ್ನೇ ನಂಬಿ ಬೆಳೆದ ರಬಕವಿಯೂ ಅದರ ಮಗ್ಗುಲಿನ ಬನಹಟ್ಟಿಯೂ ಇಂದು ಒಂದೇ ನಗರಸಭೆಗೆ ಒಳಪಟ್ಟು ಒಂದೇ ಊರಿನಂತೆ ತೋರುತ್ತವೆಯಾದರೂ, 1948ರ ಮಾರ್ಚ್ ತಿಂಗಳಲ್ಲಿ ಈ ಭಾಗದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಬಕವಿಯು ಸಾಂಗಲಿಯ ಪಟವರ್ಧನರಿಗೂ, ಬನಹಟ್ಟಿಯು ಜಮಖಂಡಿಯ ಪಟವರ್ಧನರಿಗೂ, ಅಲ್ಲಿಂದ ಅನತಿದೂರದ ಮಹಾಲಿಂಗಪುರವು ಮುಧೋಳದ ಘೋರ್ಪಡೆಯವರಿಗೂ ಸೇರಿದ್ದುವು. ಹೀಗೆ ಮೂರು ದೊರೆತನಗಳ ಗಡಿಗಳು ಒಂದನ್ನೊಂದು ತಾಕುತ್ತಿದ್ದ ಈ ನಾಡಿನಲ್ಲಿ ಕಂದಾಯ ಕಟ್ಟುವ ಕಚೇರಿ ಬೇರೆಯಾಗಿದ್ದಿತೇ ಹೊರತು ತೊಟ್ಟಿಲಲ್ಲಿ ಮಗುವಿಗಿಡುವ ಹೆಸರು ಬೇರೆಯಾಗಿರಲಿಲ್ಲ. ಬಸಪ್ಪ, ಸಂಗಪ್ಪ, ಮಲ್ಲಪ್ಪ, ಬನಹಟ್ಟಿಯ ಕಾಡಸಿದ್ಧೇಶ್ವರನಿಂದ ಬಂದ ಕಾಡಪ್ಪ, ಮಹಾಲಿಂಗೇಶ್ವರನಿಂದ ಬಂದ ಮಹಾಲಿಂಗಪ್ಪ, ಇವೇ ಕೆಲವು ಹೆಸರುಗಳು ಮುತ್ಯಾನಿಂದ ಮೊಮ್ಮಗನಿಗೆ, ಮೊಮ್ಮಗನಿಂದ ಅವನ ಮೊಮ್ಮಗನಿಗೆ ಇಳಿಯುತ್ತ ಬಂದುವು. ಒಂದೇ ಓಣಿಯಲ್ಲಿ ನಾಲ್ವರು ಬಸಪ್ಪಂದಿರಿದ್ದರೆ ಅದರಿಂದ ಯಾರಿಗೂ ತೊಡಕಾಗುತ್ತಿರಲಿಲ್ಲ. ಒಬ್ಬನನ್ನು ಅಡ್ಡಹೆಸರಿನಿಂದ, ಒಬ್ಬನನ್ನು ಬಿಟ್ಟುಬಂದ ಊರಿನಿಂದ, ಮತ್ತೊಬ್ಬನನ್ನು ಮಾಡುವ ಕೆಲಸದಿಂದ ಜನ ಗುರುತಿಸುತ್ತಿದ್ದರು. ತೊಡಕು ಹುಟ್ಟುವುದು ಅವರು ತೀರಿಹೋಗಿ ಕಾಲ ಸಂದ ಮೇಲೆ, ಓಣಿಯ ನೆನಪು ಅಳಿದು ಹೆಸರೊಂದೇ ಉಳಿದಾಗ. ಕನ್ನಡನಾಡಿನ ಚರಿತ್ರೆಯನ್ನು ಬರೆಯಹೊರಟವರು ಈ ತೊಡಕನ್ನು ಎಷ್ಟು ಸಲ ಎದುರಿಸಿದ್ದಾರೆಂಬುದನ್ನು ನೋಡಿದರೆ, ನೇಕಾರರ ಈ ಊರಿಗೆ ಅತ್ಯಂತ ಹತ್ತಿರದ ಒಂದು ಪ್ರಶ್ನೆಯೂ ಇದೇ ಬಗೆಯದೆಂಬುದು ತಿಳಿಯುತ್ತದೆ.

ಹಿರಿಯರ ಹೆಸರನ್ನು ಮಕ್ಕಳಿಗಿಡುವುದು ಈ ಸೀಮೆಯಲ್ಲಿ ಎಷ್ಟು ಹಳೆಯ ಪದ್ಧತಿ ಎಂಬುದಕ್ಕೆ ಮುಧೋಳದ ಕವಿ ರನ್ನನೇ ಸಾಕ್ಷಿ. ಮುದುವೊಳಲಿನ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ, ವಿದ್ಯೆಯನ್ನರಸಿಕೊಂಡು ಗಂಗರ ನಾಡಿನವರೆಗೆ ಹೋಗಿ, ಮುಂದೆ ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆನಿಸಿಕೊಂಡ ಈತನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ತನ್ನ ವಿದ್ಯೆಗೆ ಆಸರೆಯಾದ ಚಾವುಂಡರಾಯನ ಹೆಸರು ಮಗನಿಗೆ. 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಮಗಳಿಗೆ. ಋಣವನ್ನು ಕಾವ್ಯದಲ್ಲಿ ತೀರಿಸಿದ್ದು ಸಾಲದೆಂಬಂತೆ ಮನೆಯ ಅಂಗಳದಲ್ಲಿ ದಿನವೂ ಕೂಗಿ ಕರೆಯುವ ಹೆಸರಿನಲ್ಲಿಯೂ ಅದನ್ನು ನೆನೆದ ಆ ಕವಿಯ ಕೃತಜ್ಞತೆ ನನಗೆ ಅವನ ಗದಾಯುದ್ಧದ ವೀರಾವೇಶಕ್ಕಿಂತ ಕಡಮೆಯ ವಸ್ತುವೆಂದು ತೋರುವುದಿಲ್ಲ. ಚಾವುಂಡರಾಯನೆಂಬ ಹೆಸರಾದರೋ ಅಲ್ಲಿಗೆ ನಿಲ್ಲಲಿಲ್ಲ. ಗೊಮ್ಮಟನನ್ನು ನಿಲ್ಲಿಸಿ 978ರಲ್ಲಿ ಪುರಾಣವನ್ನು ಬರೆದ ಗಂಗಮಂತ್ರಿ ಒಬ್ಬ. ಅರ್ಧ ಶತಮಾನದೊಳಗಾಗಿ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಮಳೆ, ಬೆಳೆ, ವಾಸ್ತು, ಪಾಕ, ವೈದ್ಯಗಳನ್ನೆಲ್ಲ ಒಳಗೊಂಡ ಲೋಕೋಪಕಾರವನ್ನು ರಚಿಸಿದ ಶೈವಕವಿ ಇನ್ನೊಬ್ಬ. ಇವರಿಬ್ಬರ ಮತ, ಆಶ್ರಯ, ಗ್ರಂಥಗಳು ಬೇರೆಬೇರೆಯಾಗಿ ಉಳಿದುಬಂದುದರಿಂದ ಗೊಂದಲಕ್ಕೆ ಎಡೆಯಾಗಲಿಲ್ಲ.

ಬಸವನೆಂಬ ಹೆಸರಿನ ವಿಚಾರ ಇಷ್ಟು ಸರಳವಾಗಿಲ್ಲ. ಬಿಜ್ಜಳನ ಕಾಲದ, 1161ರ ಮನಗೂಳಿಯ ಶಾಸನದಲ್ಲಿ ದೇವಾಲಯವನ್ನು ಕಟ್ಟಿಸಿದ ಬಸವನೊಬ್ಬನ ಸ್ತುತಿಯಿದೆ. ಮನಗೂಳಿ ಬಾಗೇವಾಡಿಗೆ ಸಮೀಪದ ಊರು. ಕಾಲ ಬಸವಣ್ಣನವರ ಕಾಲವೇ. ಅದೇ ಶಾಸನದಲ್ಲಿ ಆ ಊರಿನ ಮಹಾಪ್ರಭುವಾದ ಮಾದಿರಾಜನ ಹೆಸರೂ ಬರುತ್ತದೆ, ಬಸವಣ್ಣನವರ ತಂದೆಯ ಹೆಸರೂ ಮಾದಿರಾಜನೆಂದೇ ಪ್ರಸಿದ್ಧ. ಇಷ್ಟೆಲ್ಲ ಕೂಡಿಬಂದಾಗ ಶಾಸನವಿದ್ವಾಂಸನಾದ ಫ್ಲೀಟನು ಈ ಬಸವನೇ ಆ ಬಸವನೆಂದು ಊಹಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಶಾಸನವು ತನ್ನ ಬಸವನನ್ನು ಚಂದಿರಾಜನ ಮಗನೆಂದೂ ರೇವದಾಸನ ಮೊಮ್ಮಗನೆಂದೂ ಸ್ಪಷ್ಟವಾಗಿ ಹೇಳುತ್ತದೆ. ತಂದೆಯ ಹೆಸರು ಹೊಂದದ ಮೇಲೆ ಊರು ಹತ್ತಿರವಾದರೇನು, ಕಾಲ ಒಂದೇ ಆದರೇನು! ಈತನು ಅದೇ ಹೆಸರಿನ ಬೇರೊಬ್ಬ ಸಜ್ಜನನೆಂದೇ ಒಪ್ಪಬೇಕಾಗುತ್ತದೆ. ನಿಜವಾದ ನಂಟನ್ನು ತೋರಿಸಿದ ಕಲ್ಲು ದೊರೆತದ್ದು ಇತ್ತಕಡೆ, ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ. 1260ರ ಆ ಶಾಸನವು ಬಾಗವಾಡಿಯನ್ನೂ ಮಾದಿರಾಜನನ್ನೂ ಅವನ ಮಗನಾದ ಬಸವರಾಜನನ್ನೂ ಹೆಸರಿಸುವುದಲ್ಲದೆ, ಬಸವಣ್ಣನವರ ಅಣ್ಣನ ವಂಶದಲ್ಲಿ ಬಂದ ಹಾಲಬಸವಿದೇವನಿಗೆ ಸಂದ ದತ್ತಿಯನ್ನು ಹೇಳುತ್ತದೆ. ಕಲ್ಯಾಣದ ಕ್ರಾಂತಿ ನಡೆದು ನೂರು ವರ್ಷ ಕಳೆಯುವಷ್ಟರಲ್ಲಿ, ಆ ಮನೆತನದವರು ತಮ್ಮ ಹಿರಿಯನ ಹೆಸರನ್ನು ಕುಡಿಯೊಂದಕ್ಕಿಟ್ಟು, ಮುಂದೆ ಹಾಲೆಂಬ ಮಾತನ್ನು ಸೇರಿಸಿ, ಅವನನ್ನು ಬೇರೆಯಾಗಿ ಗುರುತಿಸಿದ್ದರು. ನಮ್ಮ ಓಣಿಗಳ ಪದ್ಧತಿ ಕಲ್ಲಿನ ಮೇಲೆ ಮೂಡಿರುವುದು ಹೀಗೆ.

ಅಲ್ಲಿಂದ ಮುಂದೆ ಈ ಹೆಸರು ಹೊಗದ ಊರಿಲ್ಲ. ಕೆಳದಿಯ ಸಿಂಹಾಸನದಲ್ಲಿ ಕುಳಿತು ಶಿವತತ್ತ್ವರತ್ನಾಕರವೆಂಬ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದ ಬಸಪ್ಪನಾಯಕ. ಮೈಸೂರಿನಲ್ಲಿ ಅಭಿನವ ಕಾಳಿದಾಸನೆನಿಸಿದ ಬಸವಪ್ಪಶಾಸ್ತ್ರಿ. ಗೋಕಾಕ ತಾಲ್ಲೂಕಿನಲ್ಲಿ ಹುಟ್ಟಿದ ಕಾದಂಬರಿಕಾರ ಬಸವರಾಜ ಕಟ್ಟೀಮನಿ. ಗಾಯಕ ಬಸವರಾಜ ರಾಜಗುರು. ಈ ನೆರೆಯವರೇ ಆದ ಬಸಪ್ಪ ದಾನಪ್ಪ ಜತ್ತಿಯವರು 1912ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಕಡೆಗೆ ಉಪರಾಷ್ಟ್ರಪತಿ ಪದವಿಗೇರಿ, 1977ರಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಹಂಗಾಮಿ ರಾಷ್ಟ್ರಪತಿಗಳಾಗಿ ದೇಶವನ್ನು ನಡೆಸಿದರು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರನ್ನೂ ಜೋಡಿಸಿ ಬರೆಯುವ ಈ ಭಾಗದ ಕಚೇರಿಪದ್ಧತಿ ಒಂದೇ ಹೆಸರಿನ ಸಾವಿರ ಜನರನ್ನು ದಪ್ತರದಲ್ಲಿ ಬೇರ್ಪಡಿಸಿತು. ಜತ್ತಿಯವರು ಮಾತ್ರ ತಾವು ಯಾರ ಹೆಸರನ್ನು ಹೊತ್ತಿದ್ದೇವೆಂಬುದನ್ನು ಮರೆಯದೆ 1964ರಲ್ಲಿ ಬೆಂಗಳೂರಿನಲ್ಲಿ ಬಸವಸಮಿತಿಯನ್ನು ಸ್ಥಾಪಿಸಿದರು.

ದಪ್ತರವಿಲ್ಲದ ಕಾಲದಲ್ಲಿ ಶರಣರು ಈ ಸಮಸ್ಯೆಯನ್ನು ಬಿಡಿಸಿಕೊಂಡ ಬಗೆ ಇದಕ್ಕಿಂತ ಸೊಗಸಾದುದು. ಹೆಸರಿನ ಮುಂದೆ ಕಾಯಕ, ವಚನದ ಕೊನೆಗೆ ಅಂಕಿತ: ಈ ಎರಡು ಗೂಟಗಳ ನಡುವೆ ವ್ಯಕ್ತಿ ಭದ್ರವಾಗಿ ನಿಲ್ಲುತ್ತಾನೆ. ಮಾರಯ್ಯರಲ್ಲಿ ಇಬ್ಬರನ್ನು ನೋಡೋಣ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವನು ಆಯ್ದಕ್ಕಿ ಮಾರಯ್ಯ, ಅವನ ಅಂಕಿತ ಅಮರೇಶ್ವರಲಿಂಗ. ಕಾಡಿನಿಂದ ಕಟ್ಟಿಗೆಯ ಹೊರೆ ಹೊತ್ತು ತಂದು ಮಾರಿದವನು ಮೋಳಿಗೆ ಮಾರಯ್ಯ, ಅವನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಈ ಎರಡನೆಯವನ ಹೆಂಡತಿಯೂ ಉಡುತಡಿಯ ಅಕ್ಕನೂ ಇಬ್ಬರೂ ಮಹಾದೇವಿಯರೇ. ಇಬ್ಬರ ಅಂಕಿತದಲ್ಲಿಯೂ ಮಲ್ಲಿಕಾರ್ಜುನನೇ ಇದ್ದಾನೆ. ಆದರೂ ಚೆನ್ನಮಲ್ಲಿಕಾರ್ಜುನನೆಂಬ ಕರೆಯನ್ನು ಕೇಳಿದೊಡನೆ ಅದು ಅಕ್ಕನ ದನಿಯೆಂದು ಕನ್ನಡಿಗನಿಗೆ ತಿಳಿಯುತ್ತದೆ. ಬಸವಣ್ಣನವರು ಕೂಡಲಸಂಗಮದೇವನೆಂದರೆ, ಅವರ ಸೋದರಳಿಯ ಚೆನ್ನಬಸವಣ್ಣನು ಕೂಡಲಚೆನ್ನಸಂಗಮದೇವನೆಂದನು. ಸೋದರಮಾವನಿಗೂ ತನಗೂ ಇದ್ದ ಹೆಸರಿನ ಅಂತರವನ್ನೇ ದೇವರ ಹೆಸರಿನಲ್ಲಿಯೂ ಕಾಪಾಡಿಕೊಂಡನು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮನೆಮನೆಗಳ ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದಾಗ, ಕಟ್ಟುಗಳಲ್ಲಿ ಕಲಬೆರಕೆಯಾಗಿದ್ದ ವಚನಗಳನ್ನು ಅವರವರ ಒಡೆಯರಿಗೆ ಸಲ್ಲಿಸಲು ಆಧಾರವಾದುದು ಈ ಅಂಕಿತವೇ. ಹಾಸು ಮುಗಿದಾಗ ನೇಕಾರನು ಹಣಿಗೆಯಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವಂಥ ತಾಳ್ಮೆಯ ಕೆಲಸವದು. ಎಳೆಯೊಂದು ಪಕ್ಕದ ಎಳೆಗೆ ಸೇರಿದರೆ ಅಂಚಿನ ಚಿತ್ತಾರವೇ ಕೆಡುತ್ತದೆ.

ರಬಕವಿ–ಬನಹಟ್ಟಿಗಳ ನೇಕಾರರ ಪಾಲಿಗೆ ಹೀಗೆ ಎಳೆ ಸಿಕ್ಕುಬಿದ್ದಿರುವುದು ದಾಸಿಮಯ್ಯನೆಂಬ ಹೆಸರಿನಲ್ಲಿ. ಹಟಗಾರರು, ದೇವಾಂಗರು, ಕುರುಹಿನಶೆಟ್ಟಿಗಳು, ಸ್ವಕುಳಸಾಳಿಗಳು, ಪಟ್ಟಸಾಲಿಗಳು ಎಂದು ಹಲವು ಕುಲಗಳಾಗಿ ಹರಡಿರುವ ನಮ್ಮ ನೇಕಾರ ಸಮಾಜಕ್ಕೆ ಈತನಂತಹ ಹಿರಿಯ ಇನ್ನೊಬ್ಬನಿಲ್ಲ. ಆದರೆ ಹಳೆಯ ಕಥೆಗಳಲ್ಲಿ ಈ ಹೆಸರಿನವರು ಮೂವರು ಕಾಣಿಸುತ್ತಾರೆ.

ಮೊದಲನೆಯವನು ಜೇಡರ ದಾಸಿಮಯ್ಯ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಜೇಡನೆಂದರೆ ನೇಕಾರ, ಮಗ್ಗವೇ ಅವನ ಕಾಯಕ. ಅವನ ಅಂಕಿತ ಆ ಊರಿನ ರಾಮನಾಥ. ಉಸುಕು ಬೆರೆಸಿದ ಅಕ್ಕಿಯನ್ನೂ ಕಬ್ಬನ್ನೂ ಮುಂದಿಟ್ಟು, ನೀರು ಕಟ್ಟಿಗೆಗಳಿಲ್ಲದೆ ಇದನ್ನು ಪಾಯಸ ಮಾಡುವ ಕನ್ಯೆಯನ್ನು ವರಿಸುವೆನೆಂದು ಹೊರಟ ಅವನಿಗೆ, ಕಬ್ಬಿನ ಹಾಲಿನಲ್ಲಿ ಅಕ್ಕಿಯನ್ನು ಬೇಯಿಸಿ ಸಿಪ್ಪೆಯನ್ನೇ ಉರಿಸಿದ ದುಗ್ಗಳೆ ಹೆಂಡತಿಯಾಗಿ ದೊರೆತಳೆಂಬ ಕಥೆಯನ್ನು ನಮ್ಮ ಕಡೆಯ ಮುದುಕಿಯರು ಇಂದಿಗೂ ಹೇಳುವುದುಂಟು. ಅವನು ಬಹುಶ್ರಮದಿಂದ ನೇಯ್ದ ವಸ್ತ್ರವೊಂದನ್ನು ಪೇಟೆಗೆ ಒಯ್ದಾಗ ಅದರ ಬೆಲೆ ತೆರುವವರೇ ಇಲ್ಲವಾಗಿ, ಮರಳಿ ಬರುವ ದಾರಿಯಲ್ಲಿ ಮುದಿಜಂಗಮನೊಬ್ಬನು ಅದನ್ನು ಬೇಡಿ ಪಡೆದು, ಕಣ್ಣೆದುರಿಗೇ ಹರಿದು ಚೂರುಚೂರು ಮಾಡಿ ತಲೆಗೂ ತೋಳಿಗೂ ಸುತ್ತಿಕೊಂಡನಂತೆ. ಕೈಯಾರೆ ನೇಯ್ದವನಿಗೇ ಗೊತ್ತು, ಬಟ್ಟೆ ಹರಿಯುವ ಆ ಸದ್ದಿನ ನೋವು. ದಾಸಿಮಯ್ಯನ ಮುಖ ಕಂದಲಿಲ್ಲ. ಎಂದೆಂದಿಗೂ ಬರಿದಾಗದ ಧಾನ್ಯದ ತವನಿಧಿ ಅವನಿಗೆ ದೊರೆಯಿತು. ಈ ಪ್ರಸಂಗವನ್ನು ಬಸವಣ್ಣನವರೇ ತಮ್ಮ ವಚನದಲ್ಲಿ ನೆನೆದಿದ್ದಾರೆ.

ಎರಡನೆಯವನು ದೇವರ ದಾಸಿಮಯ್ಯ. ಈತನ ಕಥೆ ನಡೆಯುವುದು ಅರಮನೆಯಲ್ಲಿ. ಚಾಲುಕ್ಯ ಜಯಸಿಂಹನ ರಾಣಿಯಾದ ಸುಗ್ಗಲೆಗೆ ಗುರುವಾಗಿ, ಜೈನರೊಡನೆ ವಾದಿಸಿ ಗೆದ್ದು, ದೊರೆಯನ್ನು ಶಿವಭಕ್ತಿಗೆ ಒಲಿಸಿದವನೆಂದು ಪುರಾಣಗಳು ಅವನನ್ನು ಕೊಂಡಾಡುತ್ತವೆ. ಜಯಸಿಂಹನು ಆಳಿದ್ದು 1015ರಿಂದ 1042ರ ಸುಮಾರಿನವರೆಗೆ. ಮೂರನೆಯವನು ಶಂಕರದಾಸಿಮಯ್ಯ, ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಕಂದಗಲ್ಲಿನವನೆಂದೂ ಬಟ್ಟೆಗೆ ಬಣ್ಣ ಕಟ್ಟುವ ಕಾಯಕದವನೆಂದೂ ಪ್ರತೀತಿ. ಕೃಷ್ಣಾತೀರದ ನವಿಲೆಯ ಶಂಕರಲಿಂಗನ ಈ ಭಕ್ತನನ್ನು ಹರಿಹರನು ತನ್ನ ರಗಳೆಯಿಂದ ಅಮರನನ್ನಾಗಿ ಮಾಡಿದ್ದಾನೆ. ತವನಿಧಿಯನ್ನು ಪಡೆದು ಕೊಂಚ ಗರ್ವಿಸಿದ ಜೇಡರ ದಾಸಿಮಯ್ಯನಿಗೆ, ಹರಕು ಬಟ್ಟೆಯ ಈ ಬಡವನೇ ಬುದ್ಧಿ ಕಲಿಸಿದನೆಂದು ಪುರಾಣ ಹೇಳುವುದರಿಂದ, ಇವರಿಬ್ಬರು ಬೇರೆಯೆಂಬುದರಲ್ಲಿ ಎಂದೂ ಸಂದೇಹ ಹುಟ್ಟಲಿಲ್ಲ.

ಸಂದೇಹವೆಲ್ಲ ಮೊದಲಿನ ಇಬ್ಬರನ್ನು ಕುರಿತದ್ದು. ಜೇಡರ ದಾಸಿಮಯ್ಯನೇ ದೇವರ ದಾಸಿಮಯ್ಯನೆಂದು ನಂಬಿದ ಪರಂಪರೆ ಬಲವಾದುದು. ಸಾಹಿತ್ಯಚರಿತ್ರೆಕಾರರೂ ಬಹುಕಾಲ ಅದನ್ನೇ ಅನುಸರಿಸಿದರು. ಒಬ್ಬನ ಹೆಂಡತಿ ದುಗ್ಗಳೆ, ಇನ್ನೊಬ್ಬನ ಶಿಷ್ಯೆ ಸುಗ್ಗಲೆ. ಹೆಸರುಗಳ ಈ ಹೋಲಿಕೆಯೂ ಇಬ್ಬರ ಕಥೆಗಳನ್ನು ಒಂದಾಗಿ ಹೆಣೆಯಲು ನೆರವಾಗಿರಬಹುದು. ಡಾ. ಎಂ. ಚಿದಾನಂದಮೂರ್ತಿಯವರು ಇವರನ್ನು ಇಬ್ಬರು ಬೇರೆಬೇರೆ ವ್ಯಕ್ತಿಗಳೆಂದು ವಾದಿಸಿದರು. ಇದು ಪಂಡಿತರ ಚಾವಡಿಯ ಸಣ್ಣ ಜಗಳವೆಂದು ತಿಳಿಯಲಾಗದು. ಇಬ್ಬರೂ ಒಬ್ಬನೇ ಆದರೆ ಜಯಸಿಂಹನ ಕಾಲವೇ ವಚನಕಾರನ ಕಾಲವಾಗಿ, ಕನ್ನಡದ ವಚನ ಬಸವಣ್ಣನವರಿಗಿಂತ ನೂರು ವರ್ಷ ಮೊದಲೇ, ಒಬ್ಬ ನೇಕಾರನ ಬಾಯಲ್ಲಿ ಹುಟ್ಟಿತೆಂದಾಗುತ್ತದೆ. ಬೇರೆಯಾದರೆ ರಾಮನಾಥನ ಅಂಕಿತದ ಕವಿ ಕಲ್ಯಾಣದ ಶರಣರಿಗೆ ಹತ್ತಿರದ ಹಿರಿಯನಾಗಿ, ವಚನದ ಆದಿಕಾಲ ಹನ್ನೆರಡನೆಯ ಶತಮಾನಕ್ಕೆ ಇಳಿಯುತ್ತದೆ. ಒಂದು ಹೆಸರಿನ ಮುಂದಣ ವಿಶೇಷಣವನ್ನು ಮರೆತುದರ ಫಲವಾಗಿ ಸಾಹಿತ್ಯಪ್ರಕಾರವೊಂದರ ವಯಸ್ಸೇ ಒಂದು ಶತಮಾನದಷ್ಟು ಅತ್ತಿತ್ತ ಓಲಾಡುತ್ತಿದೆ.

ನನ್ನ ಮನಸ್ಸು ಇವರು ಇಬ್ಬರೆನ್ನುವ ಕಡೆಗೇ ಒಲಿಯುತ್ತದೆ. ಮುದನೂರಿನವನ ಬದುಕಿನಲ್ಲಿ ಮಗ್ಗ, ಪೇಟೆ, ಹೆಂಡತಿಯ ಒಲೆಗಳಿವೆ. ಅರಮನೆಯ ಗುರುವಿನ ಕಥೆಯಲ್ಲಿ ಇವಾವುದಕ್ಕೂ ಮುಖ್ಯವಾದ ಎಡೆಯಿಲ್ಲ. ಶರಣರು ಕಾಯಕವನ್ನು ಹೆಸರಿಗೆ ಹಚ್ಚಿದ್ದು ಬರಿಯ ಅಲಂಕಾರಕ್ಕಾಗಿ ಅಲ್ಲವೆಂಬುದನ್ನು ಇಬ್ಬರು ಮಾರಯ್ಯರ ಉದಾಹರಣೆಯಲ್ಲಿ ನೋಡಿದೆವಷ್ಟೆ. ಹಾಗಿರುವಾಗ ಜೇಡರ ಎಂಬ ಮಾತನ್ನು ತೆಗೆದು ದೇವರ ಎಂಬುದನ್ನು ಅದರ ಸ್ಥಾನದಲ್ಲಿರಿಸುವುದು ಗೌರವವನ್ನು ಹೆಚ್ಚಿಸಿದಂತೆ ಕಂಡರೂ ನೇಕಾರನಿಂದ ಅವನ ಮಗ್ಗವನ್ನೇ ಕಸಿದುಕೊಂಡಂತಾಗುತ್ತದೆ. ಒಬ್ಬನೇ ಎಂದು ನಂಬುವವರ ಭಕ್ತಿಯಲ್ಲಿ ನಾನು ಕೊರತೆಯನ್ನೆಣಿಸುವವನಲ್ಲ. ವಚನದ ಪ್ರಾಚೀನತೆ ಒಂದು ನೂರು ವರ್ಷ ತಗ್ಗುವುದೆಂಬ ಅವರ ಅಳುಕೂ ನನಗೆ ಅರ್ಥವಾಗುತ್ತದೆ. ಆದರೆ ಹಿರಿಯನ ಹಿರಿಮೆ ಅವನ ನುಡಿಯಲ್ಲಿದೆಯಲ್ಲದೆ ಅವನ ಶಕವರ್ಷದಲ್ಲಿಲ್ಲ.

ಸರ್ಕಾರದ ಪಂಚಾಂಗದಲ್ಲಿ ಈಗ ನಡೆಯುವುದು ದೇವರ ದಾಸಿಮಯ್ಯ ಜಯಂತಿ. ಆ ದಿನ ಪೂಜೆಗೊಳ್ಳುವ ಪಟದಲ್ಲಿ ಮಗ್ಗದ ಮುಂದೆ ಕುಳಿತಿರುವವನಾದರೋ ಜೇಡರ ದಾಸಿಮಯ್ಯ. ಕುಣಿಮಗ್ಗಗಳು ವಿರಳವಾಗಿ ವಿದ್ಯುತ್ ಮಗ್ಗಗಳ ಸದ್ದು ಓಣಿಗಳನ್ನು ತುಂಬಿರುವ ರಬಕವಿ–ಬನಹಟ್ಟಿಗಳಲ್ಲಿಯಾದರೂ ಆ ಪಟದ ಕೆಳಗೆ ಮುದನೂರು ಎಂಬ ಊರಿನ ಹೆಸರು, ರಾಮನಾಥನ ಅಂಕಿತ, ಜೇಡನೆಂಬ ಕಾಯಕ ಈ ಮೂರನ್ನೂ ಬರೆಯಿಸಬೇಕೆಂದು ನನ್ನ ಅಪೇಕ್ಷೆ. ಜೊತೆಗೆ ದುಗ್ಗಳೆಯ ಹೆಸರೂ ಇರಲಿ. ಅವಳೂ ವಚನಕಾರ್ತಿ, ಅವಳ ಅಂಕಿತ ದಾಸಯ್ಯಪ್ರಿಯ ರಾಮನಾಥ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ಹೆಂಗಸರು ಸಂಕೋಚಪಡುವ ಈ ನಾಡಿನಲ್ಲಿ, ಅವಳು ಅದನ್ನು ತನ್ನ ದೇವರ ಹೆಸರಿಗೆ ಸೇರಿಸಿ ಪ್ರತಿಯೊಂದು ವಚನದ ಕೊನೆಯಲ್ಲಿಯೂ ನುಡಿದಳು.