ಅಳಿಸಿದ ಮೇಲೂ ಉಳಿದ ಎಲ್ಲೆ

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಬಿಟ್ಟುಕೊಟ್ಟ ಮೇಲೆ, ಈಸ್ಟ್ ಇಂಡಿಯಾ ಕಂಪನಿ ಆ ಸೀಮೆಯನ್ನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನಿಗೆ ವಹಿಸಿತು. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಇವರು ಹೊಲಹೊಲವನ್ನೂ ಅಳೆಸಿ, ಉಳುವವನು ಯಾರು, ಕಂದಾಯ ಎಷ್ಟು ಎಂದು ದಫ್ತರಕ್ಕೆ ಏರಿಸಿದರು. ಉಳುವವನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಬೇರುಬಿಟ್ಟದ್ದು ಹೀಗೆ. ಆದರೆ 1802ರ ಕಾಯಿದೆಯೊಡನೆ ಮದರಾಸು ಸರ್ಕಾರ ದಾರಿ ಬದಲಿಸಿತು. ಬಂಗಾಳದ ಮಾದರಿಯ ಖಾಯಂ ಜಮೆಗಾಗಿ, ಅಂದರೆ ಎಂದಿಗೂ ಬದಲಾಗದ ಕಂದಾಯಕ್ಕಾಗಿ, ಬಾರಾಮಹಲ್ ಸೇರಿದ ಸೇಲಂ ಜಿಲ್ಲೆಯನ್ನು ಮಿಟ್ಟಾ ಎಂಬ ಸುಮಾರು 200 ಹಿಡುವಳಿಗಳಾಗಿ ಒಡೆದು ಹರಾಜು ಹಾಕಿತು. ಜಮೆ ಭಾರವಾಯಿತು, ಬಾಕಿ ಬೆಳೆಯಿತು, ಎಷ್ಟೋ ಮಿಟ್ಟಾಗಳು ಸರ್ಕಾರದ ಕೈಗೇ ಮರಳಿದವು. ಅಲ್ಲಿ ಮತ್ತೆ ರೈತವಾರಿ ಬಂತು. ಹಾಗಿದ್ದೂ ಉಳಿದ ಮಿಟ್ಟಾಗಳು ಸ್ವಾತಂತ್ರ್ಯದ ಕಾಲದವರೆಗೂ ಬಾಳಿದವು. ನೀತಿಯನ್ನು ಕೈಬಿಟ್ಟರೂ ಅದಕ್ಕಾಗಿ ಎಳೆದ ಗೆರೆಗಳನ್ನು ಯಾರೂ ಅಳಿಸಲಿಲ್ಲ. ಇದನ್ನು ಆಡಳಿತದ ಜಡತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಗೆರೆಗಳನ್ನು ಅಳಿಸದೆ ಬಿಟ್ಟದ್ದಕ್ಕೆ ಬಲವಾದ ಕಾರಣವಿತ್ತು.

ಆ ಕಾರಣವನ್ನು ತೀರ ಸ್ಪಷ್ಟವಾಗಿ ತೋರಿಸುವುದು ನಮ್ಮ ಕಾಲದ ದಫ್ತರವಾದ ಡೇಟಾಬೇಸ್. ಅದರ ಇಂಡೆಕ್ಸಿನ ಒಂದು ಪುಟದಲ್ಲಿ 10, 20, 30, 40 ತುಂಬಿವೆ ಎನ್ನಿ. ಒಂದು ವಹಿವಾಟು 25ನ್ನು ಸೇರಿಸಲು ಬರುತ್ತದೆ. ಜಾಗವಿಲ್ಲ, ಪುಟ ಒಡೆಯುತ್ತದೆ: 30, 40 ಹೊಸ ಪುಟಕ್ಕೆ ಹೋಗುತ್ತವೆ, 25 ಹಳೆಯದರಲ್ಲೇ ಕೂರುತ್ತದೆ. ಅಷ್ಟರಲ್ಲಿ ಬೇರೊಂದು ವಹಿವಾಟು ಹೊಸ ಪುಟದಲ್ಲಿ 35 ಬರೆದು ತನ್ನ ಕೆಲಸ ಪಕ್ಕಾ ಮಾಡಿಕೊಳ್ಳುತ್ತದೆ. ಈಗ ಮೊದಲನೆಯದು ರೋಲ್‌ಬ್ಯಾಕ್ ಆಯಿತು. ಅಂದರೆ ರದ್ದಾಗಿ ಹಿಂದೆ ಸರಿಯಿತು; 25 ಹೋಗಲೇಬೇಕು. ಆದರೆ ಪುಟಗಳನ್ನು ಮೊದಲಿದ್ದಂತೆಯೇ ಮಾಡಿದರೆ, ಏನೂ ತಪ್ಪು ಮಾಡದ 35 ಕೂಡ ಅಳಿದುಹೋಗುತ್ತದೆ. ಆದ್ದರಿಂದ ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಪದ್ಧತಿಯಲ್ಲಿ ಪುಟ ಒಡೆಯುವುದನ್ನು ವಹಿವಾಟಿನ ಸೋಲುಗೆಲುವಿಗೆ ಕಟ್ಟಿಹಾಕದೆ, ಒಮ್ಮೆ ಮುಗಿದರೆ ಮುಗಿಯಿತು ಎಂಬಂತೆ ದಾಖಲಿಸಲು ಅವಕಾಶವಿದೆ. ರೋಲ್‌ಬ್ಯಾಕ್ ಬರೆದದ್ದನ್ನು ಮಾತ್ರ ತೆಗೆಯುತ್ತದೆ. ಅದೂ ಬರೆದ ಪುಟದಲ್ಲೇ ಇರಬೇಕೆಂದಿಲ್ಲ. ಮತ್ತೊಮ್ಮೆ ಒಡೆತವಾಗಿ 25 ಪಕ್ಕದ ಪುಟಕ್ಕೆ ಸರಿದಿದ್ದರೆ, ಇಂಡೆಕ್ಸ್ ಮರದ ಬೇರಿನಿಂದ ಹುಡುಕಿಕೊಂಡು ಹೋಗಿಯೇ ತೆಗೆಯಬೇಕು.

ಮಿಟ್ಟಾಗಳಲ್ಲೂ ಇಂಥ 35ಗಳಿದ್ದವು. 1802ರ ಕಾಯಿದೆ ಮಿಟ್ಟಾದಾರನಿಗೆ ತನ್ನ ಹಿಡುವಳಿಯನ್ನು ಪೂರ್ತಿಯಾಗಲಿ ಭಾಗವಾಗಲಿ ಮಾರುವ ಹಕ್ಕು ಕೊಟ್ಟಿತ್ತು. ಭಾಗ ಮಾಡಿದರೆ ಜಮೆಯೂ ಹಂಚಿಹೋಗುತ್ತಿತ್ತು. ಹರಾಜಿನಲ್ಲಿ ಹಣ ಕೊಟ್ಟು ಕೊಂಡು, ಕಂದಾಯ ತಪ್ಪಿಸದೆ ಕಟ್ಟಿದವನ ಎಲ್ಲೆಯನ್ನು, ಪಕ್ಕದವನು ಸೋತನೆಂದು ಅಳಿಸುವುದು ಯಾವ ನ್ಯಾಯ?

ಹೊಲದ ಜೊತೆ ಪುಟವನ್ನು ಹೋಲಿಸುವುದೇ ತಪ್ಪು ಎಂಬ ಆಕ್ಷೇಪ ಬರಬಹುದು. ಪುಟ ಒಡೆದರೆ ಯಾರ ಹೊಟ್ಟೆಯೂ ಹಸಿಯುವುದಿಲ್ಲ. ಮಿಟ್ಟಾದ ಒಕ್ಕಲಿಗ, ಸರ್ಕಾರಕ್ಕೂ ತನಗೂ ನಡುವೆ ನಿಂತ ಇನ್ನೊಬ್ಬನಿಗೆ ತೆರಬೇಕಾಯಿತು. ಈ ಮಾತು ನಿಜ, ಅದರ ತೂಕವೂ ದೊಡ್ಡದು. ಹಳೆಯ ಎಲ್ಲೆ ಉಳಿದದ್ದಕ್ಕೆ ಬೆಲೆ ತೆತ್ತವರು ಉಳುವವರೇ. ಡೇಟಾಬೇಸಿನಲ್ಲೂ ಬೆಲೆ ಇಲ್ಲದಿಲ್ಲ: ರೋಲ್‌ಬ್ಯಾಕ್ ಆದ ಮೇಲೆ ಅರ್ಧ ಖಾಲಿಯಾದ ಪುಟಗಳು ಜಾಗ ತಿನ್ನುತ್ತ ಬಿದ್ದಿರುತ್ತವೆ. ಅದಕ್ಕೆ ಮದ್ದು ಬೇರೊಂದು ಕೆಲಸ. ಇನ್ನೋಡಿಬಿ ಎಂಬ ಡೇಟಾಬೇಸ್ ಎಂಜಿನ್ನಿನಲ್ಲಿ ಪುಟ ಅರ್ಧಕ್ಕಿಂತ ಹೆಚ್ಚು ಬರಿದಾದಾಗ ನೆರೆಪುಟದೊಡನೆ ಕೂಡಿಸುವ ಯತ್ನ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯಾಕ್ಯೂಮ್ ಎಂಬ ಶುಚಿಕಾರ್ಯ ಬಂದು ಸತ್ತ ನಮೂದುಗಳನ್ನು ಗುಡಿಸಿ, ಪೂರ್ತಿ ಬರಿದಾದ ಪುಟವನ್ನಷ್ಟೇ ಮರುಬಳಕೆಗೆ ಬಿಡುತ್ತದೆ.

ಮಿಟ್ಟಾಗಳ ಕೊನೆಯೂ ಹಾಗೆಯೇ ಆಯಿತು. ಅವುಗಳನ್ನು ಮುಗಿಸಿದ್ದು 1802ರ ಕಾಯಿದೆಯ ರದ್ದತಿಯೊಂದೇ ಅಲ್ಲ. 1948ರ ಮದರಾಸು ಎಸ್ಟೇಟು ರದ್ದತಿ ಕಾಯಿದೆ ಎಸ್ಟೇಟುಗಳನ್ನು ಸರ್ಕಾರದ ವಶಕ್ಕೆ ತಂದು, ಮಾಲೀಕರಿಗೆ ಪರಿಹಾರ ಗೊತ್ತುಮಾಡಿ, ಹೊಸದಾಗಿ ಸರ್ವೆ ಮಾಡಿಸಿ, ರೈತವಾರಿ ಪಟ್ಟಾ ಕೊಡುವ ದಾರಿ ತೆರೆಯಿತು. ರೀಡ್ ಮತ್ತು ಮನ್ರೋ ಅಳೆಸಿದ ನೆಲವನ್ನು ಸರಪಣಿ ಹಿಡಿದು ಮತ್ತೆ ಅಳೆಯಬೇಕಾಯಿತು.