ಬ್ಲಫ್ ಅಂದ್ರೆ ಸುಳ್ಳಲ್ಲ ಸ್ವಾಮೀ...

ವರ್ಷಗಳಿಂದ ಗುಡ್ಡೆ ಹಾಕಿಕೊಂಡಿದ್ದ ಇತಿಹಾಸದ ಟಿಪ್ಪಣಿ, ಹಳೇ ಪುಸ್ತಕಗಳ ಸ್ಕ್ಯಾನು ಎಲ್ಲ ಒಂದು ಕಡೆ ಸೇರಿಸಿ, ಹುಡುಕೋದಕ್ಕೆ ಒಂದು ಪುಟ್ಟ ಟೂಲ್ ಮಾಡಿಟ್ಟಿದ್ದೆ. ಮೊನ್ನೆ ಅದನ್ನು ಒಂದು ಎಐ ಏಜೆಂಟ್ ಕೈಗೆ ಕೊಟ್ಟೆ. ಏಜೆಂಟ್ ಅಂದ್ರೆ, ನಾವು ಹೇಳಿದ ಕೆಲಸಕ್ಕೆ ಯಾವ ಟೂಲ್ ಬೇಕೋ ತಾನೇ ಆರಿಸಿ, ಹುಡುಕಿ, ಉತ್ತರ ಹೇಳೋ ಮಹಾಶಯ. "ಮಂಡ್ಯ ಜಿಲ್ಲೆ ಬ್ಲಫ್‌ನಲ್ಲಿ 1902ರಲ್ಲಿ ಏನಾಯ್ತು, ಹುಡುಕಿ ಹೇಳಪ್ಪ" ಅಂದೆ.

ಉತ್ತರ ಬಂತು: "ಅಂಥ ದಾಖಲೆ ಯಾವುದೂ ಇಲ್ಲ. ಬ್ಲಫ್ ಎಂದರೆ ಸುಳ್ಳು ಹೇಳುವುದು ಎಂಬ ಅರ್ಥವೂ ಇದೆ."

ಬ್ಲಫ್‌ನೋರು ಕೇಳಿಸಿಕೊಂಡಿದ್ರೆ ಏನಂತಿದ್ರೋ!

ಗೊತ್ತಿಲ್ಲದವರಿಗೆ ಹೇಳ್ತೀನಿ. ಬ್ಲಫ್ ಇರೋದು ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಗಗನಚುಕ್ಕಿ ಪಕ್ಕ. ಕಡಿದಾದ ದಿಣ್ಣೆಗೆ ಇಂಗ್ಲಿಷಿನಲ್ಲಿರೋ ಹೆಸರೇ ಊರಿಗೂ ಅಂಟಿಕೊಂಡಿದೆ. 1902ರ ಜೂನ್‌ನಲ್ಲಿ ಇಲ್ಲಿನ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಇದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ನೋಡೋ ಭಾಗ್ಯ ಸಿಗಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಇಲ್ಲಿಂದಲೇ. ಇಂಥ ಊರಿನದು "ದಾಖಲೆ ಇಲ್ಲ"!

ಮೊದಲು ಏಜೆಂಟ್‌ಗೇ ಬೈದೆ. ಆಮೇಲೆ ನೋಡಿದ್ರೆ ತಪ್ಪು ನಂದೇ. ಟೂಲ್‌ಗೆ ನಾನು ಬರೆದಿದ್ದ ವಿವರಣೆ ಒಂದೇ ಸಾಲು: "ಇತಿಹಾಸದ ದಾಖಲೆ ಹುಡುಕುತ್ತದೆ." ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ಈ ಜಾಗವೆಲ್ಲ ಮೈಸೂರು ಜಿಲ್ಲೆ. ಊರಿನ ಹೆಸರೋ, ಒಂದು ಕಡೆ ಶಿವಸಮುದ್ರಂ, ಇನ್ನೊಂದು ಕಡೆ ಕಾವೇರಿ ಫಾಲ್ಸ್. ಇದನ್ನೆಲ್ಲ ಏಜೆಂಟ್‌ಗೆ ಯಾರು ಹೇಳಬೇಕು? ಲೈಬ್ರರಿಗೆ ಹೋದ ನಾವಾದ್ರೆ ಅಲ್ಲಿರೋ ಹಿರಿಯರನ್ನ ಕೇಳ್ತೀವಿ. ಅದಕ್ಕೆ ಟೂಲ್ ಬಗ್ಗೆ ತಿಳಿಯೋದು ನಾವು ಬರೆದಿಟ್ಟ ನಾಲ್ಕು ಸಾಲಿನಿಂದ ಮಾತ್ರ.

ಈ ಕೆಲಸವನ್ನ ನೂರಮೂವತ್ತು ವರ್ಷದ ಹಿಂದೆಯೇ ಒಬ್ಬರು ಅಚ್ಚುಕಟ್ಟಾಗಿ ಮಾಡಿದ್ದರು ಅನ್ನೋದು ಆಗ ನೆನಪಾಯ್ತು. ಬಿ.ಎಲ್. ರೈಸ್. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೇ ಸಂಪುಟ 1894ರದ್ದು, ನಮ್ಮ ಮಂಡ್ಯ, ಮಳವಳ್ಳಿ ಎಲ್ಲ ಅದರಲ್ಲೇ ಬರುತ್ತವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಗುರುತು, ಒಂದು ಸಂಖ್ಯೆ. ಕಾಲಾನುಕ್ರಮದ ಪಟ್ಟಿ ಬೇರೆ. ಶಾಸನದ ಪಾಠ ರೋಮನ್ ಲಿಪಿಯಲ್ಲೂ ಇದೆ, ಕನ್ನಡದಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. ಕಲ್ಲನ್ನೇ ನೋಡದವನೂ ಹುಡುಕಿ ತೆಗೆಯಬಹುದು.

ಆದರೂ ಒಂದು ತೊಡಕಿದೆ. ಕಾಳಿ ಅನ್ನೋ ನಾಯಿ ಹಂದಿ ಜೊತೆ ಹೋರಾಡಿ ಸತ್ತ ಕಥೆಯ ಆತಕೂರು ಶಾಸನ ನಿಮಗೆ ಗೊತ್ತಲ್ಲ? ರೈಸ್ ಲೆಕ್ಕದಲ್ಲಿ ಅದು ಮಂಡ್ಯ 41. ಈಗ ಆತಕೂರು ಇರೋದು ಮದ್ದೂರು ತಾಲ್ಲೂಕಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಅದು ಏಳನೇ ಸಂಪುಟಕ್ಕೆ, ಮದ್ದೂರಿನ ಪಟ್ಟಿಗೆ ಹೋಯ್ತು. ಕಲ್ಲು ಒಂದೇ, ವಿಳಾಸ ಎರಡು! ಇನ್ನು ಕಾಲ: ಶಾಸನದಲ್ಲಿರೋದು ಶಕ 872. ಸುಮ್ನೆ 78 ಕೂಡಿಸಿದ್ರೆ 950. ಸೌಮ್ಯ ಸಂವತ್ಸರವನ್ನೂ ಸೇರಿಸಿ ಲೆಕ್ಕ ಹಾಕಿದ್ರೆ 949-50. ಯಾವ ಲೆಕ್ಕ ಅಂತ ಬರೆದಿಡದಿದ್ರೆ ಏಜೆಂಟ್ ಯಾವುದೋ ಒಂದನ್ನು ಹಿಡಿದು ಧೈರ್ಯವಾಗಿ ಹೇಳಿಬಿಡುತ್ತೆ.

ರಾತ್ರಿ ಕೂತು ನನ್ನ ಟೂಲ್‌ನ ವಿವರಣೆ ಹೀಗೆ ತಿದ್ದಿದೆ:

1. ಇದರಲ್ಲಿ ಏನೇನಿದೆ, ಯಾವ ಆವೃತ್ತಿಯದು, ಏನಿಲ್ಲ.
2. ಜಿಲ್ಲೆ, ತಾಲ್ಲೂಕು ಆಯಾ ಪುಸ್ತಕದ ಕಾಲದ್ದು. 1939ಕ್ಕೆ ಮುಂಚಿನದಕ್ಕೆ ಮೈಸೂರು ಜಿಲ್ಲೆ ಎಂದು ಹುಡುಕು.
3. ಊರಿಗೆ ಹಲವು ಹೆಸರಿರಬಹುದು. ಬ್ಲಫ್, ಶಿವನಸಮುದ್ರ, ಶಿವಸಮುದ್ರಂ ಮೂರನ್ನೂ ಹಾಕು.
4. ಶಕವರ್ಷವನ್ನು ಇದ್ದ ಹಾಗೇ ಕೊಡು. ಕ್ರಿಸ್ತಶಕ ಬೇರೆ ಕಾಲಮ್ಮಿನಲ್ಲಿದೆ.
5. ಏನೂ ಸಿಗದಿದ್ದರೆ "ಈ ಸಂಗ್ರಹದಲ್ಲಿ, ಈ ಪದಗಳಿಗೆ ಸಿಗಲಿಲ್ಲ" ಅನ್ನು. "ಇಲ್ಲ" ಅನ್ನಬೇಡ.

ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹುಡುಕೋ ಕೆಲಸವನ್ನ ಈಗ ಎಷ್ಟೋ ಜನ ಏಜೆಂಟ್‌ಗೇ ಬಿಡ್ತಿದ್ದಾರೆ. ಅದು "ಇಲ್ಲ" ಅಂದ್ರೆ ಓದುವ ಹುಡುಗ ಅಲ್ಲಿಗೇ ನಿಲ್ಲಿಸ್ತಾನೆ. ಪುಸ್ತಕ ಕಪಾಟಿನಲ್ಲೇ ಇರುತ್ತೆ, ಊರಿನ ಚರಿತ್ರೆ ಮಾತ್ರ ಇಲ್ಲವಾಗುತ್ತೆ.

ತಿದ್ದಿದ ಮೇಲೆ ಅದೇ ಪ್ರಶ್ನೆ ಕೇಳಿದೆ. ಎರಡು ಸಲ ಹೆಸರು ಬದಲಾಯಿಸಿ ಹುಡುಕಿ 1902, ಕೋಲಾರ, ಶೇಷಾದ್ರಿ ಅಯ್ಯರ್ ಎಲ್ಲ ಪುಟಸಂಖ್ಯೆ ಸಮೇತ ತಂದಿಟ್ಟಿತು. ಟೂಲ್‌ನ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲೂ ಊರಿನ ಕೈಫಿಯತ್ತೋ, ಗಾದೆ ಪಟ್ಟಿಯೋ, ಜಾತ್ರೆಯ ಲೆಕ್ಕವೋ ಇರಬಹುದು. ಹುಡುಕೋ ಟೂಲ್ ಮಾಡೋದು ಈಗ ಒಂದು ಸಂಜೆಯ ಕೆಲಸ. ಅದಕ್ಕೆ ನಾಲ್ಕು ಸಾಲು ಸರಿಯಾಗಿ ಬರೆಯೋಕೆ ಇನ್ನೊಂದು ಸಂಜೆ ಇಟ್ಟುಕೊಳ್ಳಿ. ನಿಮ್ಮೂರನ್ನೂ ಯಾರಾದ್ರೂ ಬ್ಲಫ್ ಅಂದುಬಿಟ್ಟಾರು!