ಸೈಕಲ್ಲಿನ ಮೇಲೆ ಜುನ್ನರ: ದ್ರಾಕ್ಷಿಯ ಸೀಮೆ, ಘಟ್ಟದ ಹಾದಿ

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಜುನ್ನರ ತಾಲೂಕನ್ನು ಕಾಣದವರು ವಿರಳ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಓಝರ ಮತ್ತು ಲೇಣ್ಯಾದ್ರಿ ಎರಡೂ ಈ ಒಂದೇ ತಾಲೂಕಿಗೆ ಸೇರಿವೆ. ಊರಿನಿಂದ ಬಂದ ಹಿರಿಯರನ್ನು ಕರೆದೊಯ್ದು, ಒಂದೇ ದಿನದಲ್ಲಿ ಎರಡೂ ಕಡೆ ದರ್ಶನ ಮುಗಿಸಿ, ರಾತ್ರಿಯ ಊಟಕ್ಕೆ ಮನೆಗೆ ಮರಳುವುದು ನಮ್ಮೆಲ್ಲರ ವಾಡಿಕೆ. ಆದರೆ ವಾಹನದ ಕಿಟಕಿಯಿಂದ ಈ ಸೀಮೆಯ ಸ್ವರೂಪ ತಿಳಿಯುವುದಿಲ್ಲ. ಇಲ್ಲಿ ದ್ರಾಕ್ಷಿ ಏಕೆ ಬೆಳೆಯಿತು, ಎರಡು ಸಾವಿರ ವರ್ಷಗಳ ಹಿಂದೆಯೇ ವರ್ತಕರು ಇಲ್ಲಿಗೆ ಏಕೆ ಬಂದರು ಎಂಬ ಎರಡು ಪ್ರಶ್ನೆಗಳಿಗೂ ಉತ್ತರವಿರುವುದು ನೆಲದ ಏರಿಳಿತದಲ್ಲಿ. ಆ ಏರಿಳಿತವನ್ನು ಕಾಲಿಗೆ ತಿಳಿಸುವ ವಾಹನ ಸೈಕಲ್ ಒಂದೇ.

ಕರ್ನಾಟಕದ ಭಾಷೆಯಲ್ಲಿ ಹೇಳುವುದಾದರೆ ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಈ ಮೂರೂ ಜುನ್ನರ ತಾಲೂಕಿನಲ್ಲಿ ಕೆಲವೇ ಹತ್ತು ಕಿಲೋಮೀಟರುಗಳ ಅಂತರದಲ್ಲಿ ಸಿಗುತ್ತವೆ. ಪಶ್ಚಿಮದಲ್ಲಿ ನಾಣೇಘಾಟದ ಬಳಿ ಸಹ್ಯಾದ್ರಿ ಕೊಂಕಣಕ್ಕೆ ಕಡಿದಾಗಿ ಬೀಳುತ್ತದೆ. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ, ಗದ್ದೆಗಳಲ್ಲಿ ಭತ್ತ. ಪೂರ್ವಕ್ಕೆ ಬಂದಂತೆ ಮಳೆ ಬೇಗ ಬೇಗನೆ ಇಳಿದು, ನಾರಾಯಣಗಾಂವದ ಸುತ್ತ 700 ಮಿಲಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ದ್ರಾಕ್ಷಿಗೆ ಬೇಕಾದದ್ದು ಇದೇ: ಬೇರಿಗೆ ನೀರು, ಆದರೆ ಎಲೆಗೆ ಒಣ ಹವೆ. ಬೇರಿಗೆ ನೀರು ಕೊಡುವುದು ಕುಕಡಿ ಯೋಜನೆಯ ಅಣೆಕಟ್ಟುಗಳು. ಯೇಡಗಾಂವ, ಮಾಣಿಕಡೋಹ, ವಡಜ, ಪಿಂಪಳಗಾಂವ ಜೋಗೆ ಮತ್ತು ಡಿಂಭೆ ಎಂಬ ಐದು ಜಲಾಶಯಗಳು ಪಶ್ಚಿಮದ ಮಳೆಯನ್ನು ಹಿಡಿದಿಟ್ಟು ಪೂರ್ವಕ್ಕೆ ಹರಿಸುತ್ತವೆ.

ಪುಣೆಯಿಂದ ನಾರಾಯಣಗಾಂವಕ್ಕೆ ನಾಶಿಕ ರಸ್ತೆಯಲ್ಲಿ ಸುಮಾರು 75 ಕಿಲೋಮೀಟರು, ಅಲ್ಲಿಂದ ಜುನ್ನರಕ್ಕೆ ಇನ್ನೂ 15. ಮನೆಯ ಬಾಗಿಲಿನಿಂದಲೇ ಸೈಕಲ್ ತುಳಿಯುತ್ತೇವೆಂಬ ಉತ್ಸಾಹಿಗಳಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಭೋಸರಿಯಿಂದ ಚಾಕಣದವರೆಗೆ ಕಾರ್ಖಾನೆಗಳ ಲಾರಿಗಳು ಹಗಲೂ ರಾತ್ರಿಯೂ ನುಗ್ಗುತ್ತವೆ. 1660ರಲ್ಲಿ ಶಾಯಿಸ್ತಾ ಖಾನನ ಸೈನ್ಯವನ್ನು ಐವತ್ತಕ್ಕೂ ಹೆಚ್ಚು ದಿನ ತಡೆದ ಫಿರಂಗೋಜಿ ನರಸಾಳಾನ ಕೋಟೆ ಚಾಕಣದಲ್ಲಿದೆ ಎಂಬುದು ನಿಜ, ಕ್ರಾಂತಿಕಾರಿ ರಾಜಗುರು ಹುಟ್ಟಿದ ಊರು ಅದೇ ದಾರಿಯಲ್ಲಿದೆ ಎಂಬುದೂ ನಿಜ. ಅವನ್ನು ಇನ್ನೊಮ್ಮೆ ಕಾರಿನಲ್ಲಿ ಹೋಗಿ ನೋಡಬಹುದು. ಕುಟುಂಬದೊಡನೆ ಹೋಗುವವರು ಸೈಕಲ್ಲುಗಳನ್ನು ವಾಹನದ ಮೇಲೆ ಕಟ್ಟಿ ನಾರಾಯಣಗಾಂವಕ್ಕೆ ತಲುಪಿ, ಅಲ್ಲಿಂದ ತುಳಿಯಲು ತೊಡಗುವುದು ಕ್ಷೇಮ. ಎರಡು ಹಗಲು, ಒಂದು ರಾತ್ರಿ ಸಾಕು.

ನಾರಾಯಣಗಾಂವದಿಂದ ಓಝರದ ಕಡೆಗೆ ತಿರುಗಿದೊಡನೆ ದ್ರಾಕ್ಷಿ ಚಪ್ಪರಗಳು ಕಾಣಿಸುತ್ತವೆ. ವಿಜಾಪುರ, ತಾಸಗಾಂವ ಕಡೆಯ ಬಂಧುಗಳಿರುವ ಓದುಗರಿಗೆ ಈ ನೋಟ ಹೊಸದಲ್ಲ. ಆದರೆ ಅಲ್ಲಿ ಹೆಚ್ಚಿನ ಹಣ್ಣು ಒಣದ್ರಾಕ್ಷಿಯಾಗುತ್ತದೆ, ಇಲ್ಲಿಯದು ಬಹುಪಾಲು ತಿನ್ನುವ ಹಣ್ಣು. ‘ಜಂಬೋ’ ಎಂದು ಕರೆಯುವ ದಪ್ಪ ಕಪ್ಪು ದ್ರಾಕ್ಷಿಗೆ ಜುನ್ನರ ಹೆಸರಾಗಿದ್ದು, ಅದು ಹೊರದೇಶಗಳಿಗೂ ಹೋಗುತ್ತದೆ. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲಿನ ಸವರುವಿಕೆ ಕಡ್ಡಿಯನ್ನು ಬಲಪಡಿಸುವುದಕ್ಕೆ, ಅಕ್ಟೋಬರಿನದು ಹಣ್ಣಿಗೆ. ಕೊಯ್ಲು ಜನವರಿಯಿಂದ ಏಪ್ರಿಲಿನವರೆಗೆ. ಈ ನಡುವೆ, ಅಂದರೆ ಅಕ್ಟೋಬರ್ ಸವರಿದ ಮೇಲೆ ಹೂ ಕಟ್ಟುವ ಹೊತ್ತಿಗೆ, ಅಕಾಲ ಮಳೆ ಬಿದ್ದರೆ ಎಲೆಗೆ ಬೂಜು ಹಿಡಿಯುತ್ತದೆ, ಹೂಗೊಂಚಲು ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಬಿದ್ದರೆ ಕಾಯಿ ಸೀಳುತ್ತದೆ. ಚಪ್ಪರದ ಕಂಬ, ತಂತಿ, ಹನಿ ನೀರಾವರಿ, ಔಷಧ ಎಲ್ಲಕ್ಕೂ ಮುಂಗಡವಾಗಿ ಹಣ ಸುರಿದ ರೈತನಿಗೆ ಒಂದು ರಾತ್ರಿಯ ಮಳೆ ಇಡೀ ವರ್ಷದ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಸಾಲದ ಕಡತಗಳನ್ನು ನೋಡುತ್ತಲೇ ವಯಸ್ಸು ಕಳೆದ ನಮಗೆ, ಪ್ಲಾಸ್ಟಿಕ್ ಹೊದಿಸಿದ ಚಪ್ಪರವೊಂದನ್ನು ಕಂಡಾಗ ಮೊದಲು ನೆನಪಾಗುವುದು ಅದರ ಸೌಂದರ್ಯವಲ್ಲ, ಅದರ ಕಂತು. ತೋಟದೊಳಗೆ ಕಾಲಿಡುವ ಮುನ್ನ ಕೇಳಿ ಒಳಗೆ ಹೋಗಬೇಕು. ಗೊಂಚಲನ್ನು ಕೈಯಿಂದ ಮುಟ್ಟಬಾರದು. ಹಣ್ಣಿನ ಮೇಲಿನ ಬೆಳ್ಳನೆಯ ಪುಡಿ ಅಳಿಸಿದರೆ ಬೆಲೆ ಇಳಿಯುತ್ತದೆ.

ವೈನಿನ ಕಥೆಯೂ ಇಲ್ಲಿಂದಲೇ ಶುರುವಾಯಿತು. 1980ರ ದಶಕದಲ್ಲಿ ನಾರಾಯಣಗಾಂವದಲ್ಲಿ ಶಾತೋ ಇಂಡಾಜ್ ಎಂಬ ಸಂಸ್ಥೆ ಫ್ರಾನ್ಸಿನ ಶಾಂಪೇನ್ ಪದ್ಧತಿಯಲ್ಲಿ ನೊರೆಯುಕ್ಕುವ ವೈನ್ ತಯಾರಿಸಿ, ‘ಒಮರ್ ಖಯ್ಯಾಮ್’ ಎಂಬ ಹೆಸರಿನಲ್ಲಿ ವಿದೇಶಗಳಿಗೆ ಕಳುಹಿಸಿತು. ಆಗ ನಾಶಿಕಕ್ಕೆ ಇಂದಿನ ಖ್ಯಾತಿ ಬಂದಿರಲಿಲ್ಲ. ನಮ್ಮ ನಂದಿಬೆಟ್ಟದ ಬುಡದ ಗ್ರೋವರ್ ತೋಟದ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ಪ್ರಕಟಿಸಿದ ಮೇಲೆ ಉದ್ಯಮ ಬೆಳೆಯಿತು, ಆದರೆ ಅದರ ಕೇಂದ್ರ ನಾಶಿಕಕ್ಕೆ ಸರಿಯಿತು. ಮೊದಲು ದಾರಿ ತೋರಿದ ಇಂಡಾಜ್ ಸಂಸ್ಥೆ ಸಾಲದ ಹೊರೆಯಲ್ಲಿ 2010ರ ಬಳಿಕ ಕುಸಿಯಿತು. ಆದ್ದರಿಂದ ಜುನ್ನರ ಇಂದು ವೈನ್ ಸವಿಯುವ ಪ್ರವಾಸಕ್ಕಿಂತ ದ್ರಾಕ್ಷಿಯನ್ನು ನೋಡುವ ಪ್ರವಾಸಕ್ಕೆ ತಕ್ಕದ್ದು. ವೈನ್ ಮುಟ್ಟದ ನಮ್ಮ ಬಹುಪಾಲು ಮನೆಗಳಿಗೆ ಇದರಿಂದ ನಷ್ಟವೇನಿಲ್ಲ. ಮುಟ್ಟುವವರೂ ಸೈಕಲ್ ನಿಲ್ಲಿಸಿದ ಮೇಲಷ್ಟೇ ಮುಟ್ಟುವುದು ಒಳ್ಳೆಯದು.

ಹೊರದೇಶಗಳಲ್ಲಿ ಇಂಥ ಪ್ರವಾಸಕ್ಕೆ ಹೆಸರಾದದ್ದು ಪೋರ್ಚುಗಲ್ಲಿನ ದೌರು ನದಿಯ ಕಣಿವೆ. ಅಲ್ಲಿಯೂ ಕಾರಣ ಇದೇ. ಅಟ್ಲಾಂಟಿಕ್ ಕಡಲಿನ ಮಳೆಯನ್ನು ಮರಾವ್ ಎಂಬ ಬೆಟ್ಟಸಾಲು ತಡೆಯುತ್ತದೆ. ಅದರ ಮರೆಯ ಒಣ ಕಣಿವೆಯಲ್ಲಿ ದ್ರಾಕ್ಷಿ. 1756ರಲ್ಲಿ ಮಾರ್ಕ್ವೆಸ್ ಪೊಂಬಾಲ್ ಆ ಸೀಮೆಗೆ ಗಡಿ ಹಾಕಿ ಪೋರ್ಟ್ ವೈನಿನ ವ್ಯಾಪಾರವನ್ನು ಕಟ್ಟಳೆಗೆ ತಂದ. 2001ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೇಗುವಾ, ಪಿನ್ಯಾವ್, ಲಮೇಗು ಮೊದಲಾದ ಊರುಗಳ ನಡುವೆ ಪ್ರವಾಸಿಗರು ಸೈಕಲ್ಲಿನಲ್ಲಿ ಸುತ್ತುತ್ತಾರೆ. ಅಲ್ಲಿ ಬೆಟ್ಟದ ಇಳಿಜಾರನ್ನೇ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಹೊಲಗಳನ್ನಾಗಿ ಮಾಡಿದ್ದಾರೆ. ಜುನ್ನರದಲ್ಲಿ ಬೆಟ್ಟ ಬರಿದು, ದ್ರಾಕ್ಷಿ ಕಣಿವೆಯ ತಳದಲ್ಲಿ. ಸೈಕಲ್ ಸವಾರನಿಗೆ ಇದು ಅನುಕೂಲ: ತೋಟಗಳ ನಡುವಿನ ದಾರಿ ಬಹುತೇಕ ಸಮ, ಏರು ಬರುವುದು ಮರುದಿನ.

ಓಝರದಲ್ಲಿ ವಿಘ್ನಹರನ ದರ್ಶನ ಮಾಡಿ, ಕುಕಡಿಯ ನೀರನ್ನು ನೋಡಿಕೊಂಡು ಮುಂದೆ ಸಾಗಿದರೆ ಲೇಣ್ಯಾದ್ರಿ. ಸೈಕಲ್ ಬುಡದಲ್ಲಿ ಬಿಟ್ಟು ಮುನ್ನೂರರಷ್ಟು ಮೆಟ್ಟಿಲು ಹತ್ತಬೇಕು. ಗಣಪತಿ ಇರುವುದು ಮೂಲತಃ ಬೌದ್ಧ ವಿಹಾರವಾಗಿದ್ದ ಏಳನೆಯ ಗುಹೆಯಲ್ಲಿ. ಜುನ್ನರದ ಸುತ್ತಣ ಬೆಟ್ಟಗಳಲ್ಲಿ ಇಂಥ 200ಕ್ಕೂ ಹೆಚ್ಚು ಗುಹೆಗಳಿವೆ. ಇವುಗಳ ಬ್ರಾಹ್ಮೀ ಶಾಸನಗಳಲ್ಲಿ ದಾನಿಗಳಾಗಿ ಯವನರ ಹೆಸರುಗಳೂ ಕಾಣುತ್ತವೆ. ನಮ್ಮ ವೃತ್ತಿಯವರಿಗೆ ರುಚಿಸುವ ಸಂಗತಿಯೊಂದಿದೆ: ದಾನದ ಹಣವನ್ನು ಬಿದಿರು ಕೆಲಸದವರ, ಕಂಚುಗಾರರ ಶ್ರೇಣಿಗಳಲ್ಲಿ ತೊಡಗಿಸಿ, ಅದರ ಆದಾಯದಿಂದ ಭಿಕ್ಷುಗಳಿಗೆ ಅನುಕೂಲ ಕಲ್ಪಿಸಿದ ಉಲ್ಲೇಖಗಳು ಈ ಶಾಸನಗಳಲ್ಲಿವೆ. ಅಸಲು ಮುಟ್ಟದ ಇಡುಗಂಟು ಎಂಬ ಕಲ್ಪನೆ ನಮ್ಮ ಬ್ಯಾಂಕುಗಳಿಗಿಂತ ಬಹಳ ಹಳೆಯದು.

ರಾತ್ರಿಯ ತಂಗು ಜುನ್ನರ ಪಟ್ಟಣದಲ್ಲಿ. ಈ ಊರು ಕನ್ನಡ ನಾಡಿನೊಡನೆ ಎರಡು ಸಲ ಗಂಟು ಹಾಕಿಕೊಂಡಿದೆ. ಅಫಾನಾಸಿ ನಿಕಿತಿನ್ ಎಂಬ ರಷ್ಯಾದ ವರ್ತಕ 1470ರ ಆಸುಪಾಸಿನಲ್ಲಿ ಚೌಲ್ ಬಂದರಿಗಿಳಿದು, ಘಟ್ಟ ಹತ್ತಿ ಜುನ್ನರಕ್ಕೆ ಬಂದು ಇಡೀ ಮಳೆಗಾಲವನ್ನು ಇಲ್ಲಿ ಕಳೆದ. ಮಾರಲೆಂದು ಹಡಗಿನಲ್ಲಿ ತಂದಿದ್ದ ಕುದುರೆಯನ್ನು ಊರಿನ ಅಧಿಪತಿ ಅಸದ್ ಖಾನ್ ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಮರಳಿಸುವುದಾಗಿ ಹೇಳಿದನೆಂದೂ, ಖುರಾಸಾನಿನ ಒಬ್ಬ ಗಣ್ಯ ನಡುವೆ ಬಂದು ಬಿಡಿಸಿದನೆಂದೂ ಆತ ಬರೆದಿದ್ದಾನೆ. ಮಳೆ ತಗ್ಗಿದ ಮೇಲೆ ಆತ ಹೊರಟದ್ದು ನಮ್ಮ ಬೀದರಿಗೆ, ಆಗಿನ ಬಹಮನಿ ರಾಜಧಾನಿಗೆ. ಮುಂದೆ 1490ರಲ್ಲಿ ಮಲಿಕ್ ಅಹ್ಮದ್ ಬಹಮನಿಗಳಿಂದ ಬೇರೆಯಾಗಿ ನಿಜಾಮಶಾಹಿಯನ್ನು ಸ್ಥಾಪಿಸಿದಾಗ ಮೊದಲ ನೆಲೆ ಜುನ್ನರವೇ. ಅಹಮದನಗರ ಹುಟ್ಟಿದ್ದು ಆಮೇಲೆ. ಎರಡನೆಯ ಗಂಟು ಊರಿಗೆ ಅಂಟಿದ ಶಿವನೇರಿ ಕೋಟೆಯದು. 1630ರ ಫೆಬ್ರವರಿ 19ರಂದು ಶಿವಾಜಿ ಮಹಾರಾಜರು ಹುಟ್ಟಿದ್ದು ಇಲ್ಲಿ. ಅವರ ತಂದೆ ಶಹಾಜಿ ಬೆಂಗಳೂರನ್ನು ಜಹಗೀರಾಗಿ ಪಡೆದು ಆಳಿ, 1664ರಲ್ಲಿ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲಿಯೇ ಇದೆ. ಏಳು ಬಾಗಿಲುಗಳನ್ನು ದಾಟಿ ಹತ್ತುವ ಶಿವನೇರಿಗೆ ಬೆಳಗಿನ ಎರಡು ಮೂರು ತಾಸು ಮೀಸಲಿಡಬೇಕು. ಮೇಲಿನಿಂದ ಪೂರ್ವಕ್ಕೆ ನೋಡಿದರೆ ದ್ರಾಕ್ಷಿ, ಕಬ್ಬು. ಪಶ್ಚಿಮಕ್ಕೆ ಬೆಟ್ಟಗಳ ಸಾಲು.

ಎರಡನೆಯ ಹಗಲಿನ ಸವಾರಿ ಆ ಪಶ್ಚಿಮಕ್ಕೆ, ನಾಣೇಘಾಟದ ತುದಿಗೆ; ಹೋಗುವ ದಾರಿಯೇ 30 ಕಿಲೋಮೀಟರಿಗೂ ಮಿಕ್ಕಿದೆ. ಮಾಣಿಕಡೋಹ ಜಲಾಶಯದ ಪಕ್ಕ, ಚಾವಂಡ ಕೋಟೆಯ ಬುಡದಲ್ಲಿ ರಸ್ತೆ ಏರಿಳಿಯುತ್ತದೆ. ಇಲ್ಲಿಯೇ ನಾವು ಮೊದಲು ಹೇಳಿದ ಮಾತು ಕಾಲಿಗೆ ತಿಳಿಯುವುದು. ಚಪ್ಪರಗಳು ಹಿಂದೆ ಉಳಿಯುತ್ತವೆ, ಭತ್ತದ ಕೂಳೆ ಕಾಣತೊಡಗುತ್ತದೆ, ಗಾಳಿ ಎದುರಿನಿಂದ ಬೀಸುತ್ತದೆ. ಶಿವನೇರಿಯನ್ನೂ ಇದನ್ನೂ ಒಂದೇ ದಿನದಲ್ಲಿ ಮಾಡಲಾಗದವರು ಮಕ್ಕಳನ್ನು ಕೋಟೆಗೆ ಕಳುಹಿಸಿ, ತಾವು ಘಟ್ಟಕ್ಕೆ ಹೋಗುವುದು ಸರಿ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

‘ನಾಣೆ’ ಎಂದರೆ ನಾಣ್ಯ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಲ್ಯಾಣ, ಸೋಪಾರಾ ಬಂದರುಗಳಿಂದ ಪ್ರತಿಷ್ಠಾನಕ್ಕೆ, ಅಂದರೆ ಇಂದಿನ ಪೈಠಣಕ್ಕೆ, ಸರಕು ಏರುತ್ತಿದ್ದ ಹಾದಿ ಇದು. ಬಂಡೆಯನ್ನು ಕಡಿದು ಮಾಡಿದ ಇಕ್ಕಟ್ಟಾದ ಕಣಿವೆಯ ಬಾಯಲ್ಲಿ ಒಂದು ದೊಡ್ಡ ಕಲ್ಲಿನ ಗುಡಾಣವಿದೆ. ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂದು ಜನ ನಂಬುತ್ತಾರೆ. ತುಸು ಕೆಳಗೆ ಇಳಿದರೆ ಸಾತವಾಹನ ರಾಣಿ ನಾಗನಿಕೆಯ ಹೆಸರಿನೊಡನೆ ಪ್ರಸಿದ್ಧವಾದ ಗುಹೆ. ಗೋಡೆಯ ತುಂಬ ಬ್ರಾಹ್ಮೀ ಅಕ್ಷರ: ಯಜ್ಞಗಳ ಪಟ್ಟಿ, ದಾನ ಕೊಟ್ಟ ಹಸುಗಳು, ಕಾರ್ಷಾಪಣ ನಾಣ್ಯಗಳು. ಭಾರತದಲ್ಲಿ ಅಂಕೆಗಳ ಬಳಕೆಯ ತೀರ ಹಳೆಯ ನಿದರ್ಶನಗಳಲ್ಲಿ ಇದೊಂದು. ರಾಜಕುಟುಂಬದ ಉಬ್ಬುಶಿಲ್ಪಗಳು ಹಾಳಾಗಿ, ಕಾಲಿನ ಗುರುತು ಮತ್ತು ಮೇಲಿನ ಹೆಸರುಗಳು ಮಾತ್ರ ಉಳಿದಿವೆ. ರೋಮನ್ ಹಡಗುಗಳು ಪಶ್ಚಿಮ ಕರಾವಳಿಗೆ ತರುತ್ತಿದ್ದ ಸರಕುಗಳಲ್ಲಿ ಇಟಲಿಯ ವೈನ್ ಸೇರಿತ್ತೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಹೇಳುತ್ತದೆ. ಅದನ್ನು ತುಂಬುತ್ತಿದ್ದ ಮಣ್ಣಿನ ಜಾಡಿಗಳ ಚೂರುಗಳು ಘಟ್ಟದ ಮೇಲಣ ನೇವಾಸೆಯಲ್ಲಿ ಸಿಕ್ಕಿವೆ. ಈ ಸೀಮೆಯಲ್ಲಿ ವೈನ್ ತಯಾರಾಗುವ ಬಹಳ ಮೊದಲೇ ದಖ್ಖನಿಗೆ ಅದು ಘಟ್ಟ ಹತ್ತಿ ಬಂದಿತ್ತು.

ಮಧ್ಯಾಹ್ನ ಎರಡರೊಳಗೆ ಘಟ್ಟದಿಂದ ಹೊರಡಲೇಬೇಕು. ಇದಕ್ಕೆ ಕಾರಣ ಚಿರತೆ. ಕಾಲುವೆ ನೀರು ಬಂದ ಮೇಲೆ ಕಬ್ಬು ಹೆಚ್ಚಿತು; ವರ್ಷದ ಬಹುಕಾಲ ಮನುಷ್ಯನಿಗಿಂತ ಎತ್ತರವಾಗಿ ನಿಲ್ಲುವ ಕಬ್ಬು ಚಿರತೆಗೆ ಕಾಡಾಯಿತು. ಮರಿ ಹಾಕುವುದೂ ಕಬ್ಬಿನಲ್ಲೇ, ಆಹಾರ ಊರಿನ ನಾಯಿ, ಕುರಿ, ಕರು. 2001ರ ನಂತರದ ಎರಡು ಮೂರು ವರ್ಷಗಳಲ್ಲಿ ಮನುಷ್ಯರ ಮೇಲಿನ ದಾಳಿಗಳು ತೀವ್ರವಾಗಿದ್ದವು. ಆಮೇಲೂ ಮಕ್ಕಳು, ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರು ಬಲಿಯಾದದ್ದುಂಟು. ಹಿಡಿದ ಚಿರತೆಗಳ ಆರೈಕೆಗಾಗಿ ಮಾಣಿಕಡೋಹದಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದೆ. ನಮಗೆ ಇದು ಎರಡು ದಿನದ ಎಚ್ಚರಿಕೆ. ಅಲ್ಲಿಯ ರೈತ ರಾತ್ರಿ ಪಾಳಿಯ ವಿದ್ಯುತ್ ಬಂದಾಗ ನೀರು ಹಾಯಿಸಲು ಅದೇ ಹೊಲಕ್ಕೆ ಹೋಗುತ್ತಾನೆ. ಸವಾರರು ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಸೂರ್ಯ ಮುಳುಗುವ ಮೊದಲು ಊರು ಸೇರಬೇಕು. ಕಬ್ಬಿನ ಪಕ್ಕದಲ್ಲಿ ಮಕ್ಕಳನ್ನು ಹಿಂದೆ ಬಿಟ್ಟು ಮುಂದೆ ಹೋಗಕೂಡದು, ಬಹಿರ್ದೆಸೆಗೆಂದು ಬೆಳೆಯೊಳಗೆ ನುಗ್ಗಕೂಡದು.

ಹೋಗಲು ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ನಾಣೇಘಾಟ ಸುಂದರ, ಆದರೆ ಮಂಜು, ಜಾರುವ ಕಲ್ಲು ಮತ್ತು ವಾರಾಂತ್ಯದ ಕಾರುಗಳ ನಡುವೆ ಸೈಕಲ್ಲಿಗೆ ತಕ್ಕದ್ದಲ್ಲ. ಗೇರು ಇರುವ ಸೈಕಲ್, ಶಿರಸ್ತ್ರಾಣ, ಒಂದು ಹೆಚ್ಚಿನ ಟ್ಯೂಬು, ಗಾಳಿ ಪಂಪು ಜೊತೆಗಿರಲಿ. ಜುನ್ನರ ದಾಟಿದ ಮೇಲೆ ಪಂಕ್ಚರ್ ಅಂಗಡಿಯನ್ನು ನಂಬಿಕೊಳ್ಳುವಂತಿಲ್ಲ. ಫೆಬ್ರವರಿಯ ಕೊನೆಗೆ ಹೋಗುವವರಿಗೆ ಇನ್ನೊಂದು ಲಾಭವಿದೆ. ನಾರಾಯಣಗಾಂವದ ಪೂರ್ವಕ್ಕಿರುವ ಖೋಡದದಲ್ಲಿ, 45 ಮೀಟರ್ ವ್ಯಾಸದ 30 ತಟ್ಟೆಗಳ ಬೃಹತ್ ರೇಡಿಯೋ ದೂರದರ್ಶಕವನ್ನು ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28ರ ಹೊತ್ತಿಗೆ ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಕಪ್ಪು ದ್ರಾಕ್ಷಿ ಅದೇ ವಾರಗಳಲ್ಲಿ ರಸ್ತೆಬದಿಗೆ ಬಂದಿರುತ್ತದೆ. ಸೈಕಲ್ಲಿನ ಚೀಲದಲ್ಲಿ ಅದು ಪುಣೆಯವರೆಗೆ ಉಳಿಯುವುದಿಲ್ಲ. ಕಾರಿನ ಬಳಿ ಬಂದ ಮೇಲೆ ಕೊಳ್ಳುವುದು ಲೇಸು.